ಎಕ್ಸ್‌ಚೇಂಜ್‌ಗಿಂತ 5 ರೂಪಾಯಿ ಜಾಸ್ತಿ ಕೊಡುತ್ತೇನೆ ಅನ್ನುವವರ ಹತ್ತಿರ ಕ್ರಿಪ್ಟೋ ಮಾರಬಹುದಾ?

ಪ್ರಶ್ನೆ: ನಾನು ಹಾಸನದವನು. ಮನೆಯಿಂದಲೇ ವಿಡಿಯೊ ಎಡಿಟಿಂಗ್ ಮಾಡುತ್ತೇನೆ. ಹೊರದೇಶದ ಗ್ರಾಹಕರೊಬ್ಬರು ಸಂಬಳವನ್ನು ಯುಎಸ್‌ಡಿಟಿಯಲ್ಲೇ (ಡಾಲರ್ ಬೆಲೆಗೆ ಕಟ್ಟಿದ ಕ್ರಿಪ್ಟೋ ಕಾಯಿನ್) ಕೊಡುತ್ತಾರೆ. ಈಗ ಸುಮಾರು 3,000 ಯುಎಸ್‌ಡಿಟಿ ಕೂಡಿದೆ. ಟೆಲಿಗ್ರಾಂನಲ್ಲಿ ಪರಿಚಯವಾದ ಒಬ್ಬರು ಎಕ್ಸ್‌ಚೇಂಜ್ (ಕ್ರಿಪ್ಟೋ ಕೊಡುಕೊಳ್ಳುವ ಆನ್‌ಲೈನ್ ತಾಣ) ದರಕ್ಕಿಂತ 5 ರೂಪಾಯಿ ಜಾಸ್ತಿ ಕೊಡುತ್ತೇನೆ, ಮೆಜೆಸ್ಟಿಕ್ ಹತ್ತಿರದ ಲಾಡ್ಜ್‌ಗೆ ಬನ್ನಿ, ಕ್ಯಾಶ್ ಎಣಿಸಿಕೊಂಡು ಹೋಗಿ ಅನ್ನುತ್ತಿದ್ದಾರೆ. ಬ್ಯಾಂಕಿಗೆ ಹಾಕಿಸಿಕೊಂಡರೆ ಖಾತೆ ಫ್ರೀಜ್ ಆಗುತ್ತದೆ ಅಂತ ಕೇಳಿದ್ದೇನೆ. ಹಾಗಾಗಿ ಕ್ಯಾಶ್ ಆದರೆ ಸೇಫ್ ಅಲ್ವಾ? ಹೋಗುವುದಾದರೆ ಏನೇನು ನೋಡಿಕೊಳ್ಳಬೇಕು?

ಉತ್ತರ: ಲಾಡ್ಜ್‌ಗೆ ಹೋಗಬೇಡಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೆಳಗೆ ಬರೆದದ್ದನ್ನೆಲ್ಲ ಓದಲು ನಿಮಗೆ ಪುರುಸೊತ್ತು ಇಲ್ಲದೆ ಹೋದರೂ ಇದಿಷ್ಟು ನೆನಪಿರಲಿ.

ಈಗ ಲೆಕ್ಕ ನೋಡೋಣ. 3,000ಕ್ಕೆ 5 ರೂಪಾಯಿಯಂತೆ ನಿಮಗೆ ಸಿಗುವ ಹೆಚ್ಚುವರಿ ಹಣ 15,000. ಅವರು ಯಾಕೆ ಈ 15,000 ಬಿಟ್ಟುಕೊಡುತ್ತಿದ್ದಾರೆ? ಅದೇ ಯುಎಸ್‌ಡಿಟಿ ಅವರಿಗೆ ಎಕ್ಸ್‌ಚೇಂಜ್‌ನಲ್ಲಿ ಕಡಿಮೆಗೆ ಸಿಗುತ್ತದೆ. ಪ್ಯಾನ್, ಆಧಾರ್ ಕೊಟ್ಟು ಖಾತೆ ತೆರೆದರೆ ಆಯಿತು. ಅಷ್ಟು ಮಾಡದೆ ದುಡ್ಡು ಜಾಸ್ತಿ ಕೊಡಲು ಒಪ್ಪುವವರು ಎರಡೇ ಥರ. ಒಬ್ಬರು ಹೆಸರು ಹೇಳಿಕೊಳ್ಳಲು ಆಗದ ದುಡ್ಡು ಇಟ್ಟುಕೊಂಡವರು. ಇನ್ನೊಬ್ಬರು ದುಡ್ಡೇ ಇಲ್ಲದವರು. ಕೊಡುವುದೇ ಇಲ್ಲ ಅಂದಮೇಲೆ 5 ರೂಪಾಯಿ ಅಲ್ಲ, 10 ರೂಪಾಯಿ ಜಾಸ್ತಿ ಅಂತಲೂ ಹೇಳಬಹುದು. ಒಂದೆರಡು ರೂಪಾಯಿ ಹೆಚ್ಚು ಕಡಿಮೆ ಈ ವ್ಯವಹಾರದಲ್ಲಿ ಮಾಮೂಲು. ಅದಕ್ಕಿಂತ ಮೇಲೆ ಹೋದರೆ ಅನುಮಾನ ಪಡಿ.

ಈ ವ್ಯವಹಾರದ ಸ್ವಭಾವವೇ ಸ್ವಲ್ಪ ಓರೆ. ನೀವು ಕಳಿಸಿದ ಕಾಯಿನ್ ವಾಪಸ್ ಬರುವುದಿಲ್ಲ. ಯಾವ ಬ್ಯಾಂಕೂ, ಯಾವ ಕಸ್ಟಮರ್ ಕೇರೂ ಅದನ್ನು ತಿರುಗಿಸಿ ಕೊಡುವುದಿಲ್ಲ. ಆದರೆ ನಿಮಗೆ ಬಂದ ರೂಪಾಯಿ ಮಾತ್ರ ನಾನಾ ಥರ ಕೈಬಿಟ್ಟು ಹೋಗಬಹುದು. ನೋಟು ಖೋಟಾ ಆಗಿರಬಹುದು, ಮೆಟ್ಟಿಲು ಇಳಿಯುವಾಗ ಯಾರೋ ಕಿತ್ತುಕೊಳ್ಳಬಹುದು, ಬ್ಯಾಂಕಿಗೆ ಬಂದದ್ದಾದರೆ ಎರಡು ತಿಂಗಳ ನಂತರ ಪೊಲೀಸರು ತಡೆಹಿಡಿಯಬಹುದು. ಮುಂದೆ ಹೇಳುವ ಎಚ್ಚರಿಕೆಗಳೆಲ್ಲ ಇದೊಂದರಿಂದಲೇ ಹುಟ್ಟಿದ್ದು.

ಫ್ರೀಜ್ ವಿಷಯದಲ್ಲಿ ನಿಮ್ಮ ಭಯ ನಿಜವಾದದ್ದೇ. ಯಾರೋ ಒಬ್ಬರು "ಡಿಜಿಟಲ್ ಅರೆಸ್ಟ್" ಅಂತ ಹೆದರಿ ದುಡ್ಡು ಕಳೆದುಕೊಂಡು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡುತ್ತಾರೆ ಅನ್ನಿ. ಆ ದುಡ್ಡು ಯಾವ ಖಾತೆಗೆ ಹೋಯಿತು, ಅಲ್ಲಿಂದ ಎಲ್ಲಿಗೆ ಹೋಯಿತು ಅಂತ ಬ್ಯಾಂಕುಗಳು ಒಂದೊಂದೇ ಮೆಟ್ಟಿಲು ಹಿಂಬಾಲಿಸುತ್ತವೆ. ಮೂರನೆಯದೋ ನಾಲ್ಕನೆಯದೋ ಮೆಟ್ಟಿಲಲ್ಲಿ ನಿಮ್ಮ ಖಾತೆ ಸಿಕ್ಕರೆ ಅದೂ ಲಾಕ್. ನೀವು ಪ್ರಾಮಾಣಿಕವಾಗಿ ಕಾಯಿನ್ ಮಾರಿದವರು ಅನ್ನುವುದು ಕಂಪ್ಯೂಟರ್‌ಗೆ ಗೊತ್ತಿಲ್ಲ.

ನನಗೇ ಆಗಿದೆ. 2022ರಲ್ಲಿ ಸ್ವಲ್ಪ ಯುಎಸ್‌ಡಿಟಿ ಮಾರಿದ್ದೆ. ಎದುರಿಗೆ ಕೂತ ಹುಡುಗ ಐಡಿ ತೋರಿಸಿದ, ಎಲ್ಲ ಸರಿ ಇತ್ತು. ಯುಪಿಐ ಬಂದಾಗ ಮಾತ್ರ ಬೇರೆ ಹೆಸರು ಕಾಣಿಸಿತು. "ಅಣ್ಣನ ಖಾತೆ ಸಾರ್, ನನ್ನದು ಲಿಮಿಟ್ ಮುಗಿದಿದೆ" ಅಂದ. ನಾನೂ ಆಯ್ತಪ್ಪ ಅಂದೆ. ಎರಡು ತಿಂಗಳು ಕಳೆದು ಎಟಿಎಂನಲ್ಲಿ ದುಡ್ಡು ತೆಗೆಯಲು ಹೋದರೆ 18,000 ರೂಪಾಯಿಗೆ ಲೀನ್, ಅಂದರೆ ಅಷ್ಟು ದುಡ್ಡು ತೆಗೆಯದ ಹಾಗೆ ತಡೆ. ಹೊರರಾಜ್ಯದ ಠಾಣೆಯೊಂದರ ಪತ್ರ. ಬ್ಯಾಂಕಿನವರು ಠಾಣೆ ಕಡೆ ಕೈ ತೋರಿಸಿದರು, ಠಾಣೆಯವರು ಬ್ಯಾಂಕಿನ ಕಡೆ. ಬಿಡಿಸಿಕೊಳ್ಳಲು ಏಳು ತಿಂಗಳು ಹಿಡಿಯಿತು. ಇದೇ ವಿಷಯದಲ್ಲಿ ಬೇರೆಯವರಿಗೆ ಬುದ್ಧಿ ಹೇಳುತ್ತಿದ್ದವನು ನಾನು! ಆ "ಅಣ್ಣನ ಖಾತೆ" ಅನ್ನುವ ಮಾತು ಕೇಳಿದರೆ ಈಗಲೂ ಮೈ ಉರಿಯುತ್ತದೆ.

ಆದರೆ ಇದರಿಂದ ತಪ್ಪಿಸಿಕೊಳ್ಳಲು ಕ್ಯಾಶ್ ತಗೊಳ್ಳುತ್ತೇನೆ ಅನ್ನುವುದು ಬಾಣಲೆಯಿಂದ ಬೆಂಕಿಗೆ ಬಿದ್ದ ಹಾಗೆ. ಒಂದು ಕಾನೂನಿನ ಮಾತು ನಿಮಗೆ ಯಾರೂ ಹೇಳಿರಲಿಕ್ಕಿಲ್ಲ. ಒಬ್ಬರಿಂದ ಒಂದು ವ್ಯವಹಾರಕ್ಕೆ 2 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ನಗದು ತಗೊಳ್ಳುವಂತಿಲ್ಲ. ತಗೊಂಡರೆ ದಂಡ ಬೀಳುವುದು ಕೊಟ್ಟವರಿಗಲ್ಲ, ತಗೊಂಡವರಿಗೆ. ದಂಡ ಎಷ್ಟು ಗೊತ್ತಾ? ತಗೊಂಡಷ್ಟೇ ಮೊತ್ತ. ನಿಮ್ಮ 3,000 ಯುಎಸ್‌ಡಿಟಿಗೆ 2 ಲಕ್ಷ 80 ಸಾವಿರದ ಹತ್ತಿರ ಬರುತ್ತದೆ ಅಂದುಕೊಂಡರೆ, ಅಷ್ಟೂ ದಂಡವಾಗಬಹುದು. ಇವತ್ತು ಅರ್ಧ, ನಾಳೆ ಅರ್ಧ ಅಂತ ಜಾಣತನ ಮಾಡಿದರೂ ವ್ಯವಹಾರ ಒಂದೇ ಅಂತ ಕಂಡರೆ ಅದು ನಡೆಯುವುದಿಲ್ಲ.

ಇನ್ನು ಆ ನೋಟಿನ ರಾಶಿ. 500ರ ನೋಟಿನಲ್ಲಿ 2 ಲಕ್ಷ 80 ಸಾವಿರ ಅಂದರೆ 560 ನೋಟು. ಐದು ಬಂಡಲ್, ಮೇಲೆ 60 ಬಿಡಿ. ಲಾಡ್ಜ್‌ನ ಟ್ಯೂಬ್‌ಲೈಟ್ ಬೆಳಕಿನಲ್ಲಿ, ಎದುರಿಗೆ ಇಬ್ಬರು "ಬೇಗ ಬೇಗ" ಅನ್ನುತ್ತಾ ನಿಂತಿರುವಾಗ, 560 ನೋಟನ್ನು ಒಂದೊಂದಾಗಿ ಓರೆ ಮಾಡಿ ನೋಡುತ್ತೀರಾ? ನೋಡುವುದು ಹೇಗೆ ಅಂತ ಬೇಕಾದರೆ ಹೇಳುತ್ತೇನೆ. ನೋಟನ್ನು ವಾಲಿಸಿದರೆ ನಡುವಿನ ದಾರದ ಬಣ್ಣ ಹಸಿರಿನಿಂದ ನೀಲಿಗೆ ತಿರುಗಬೇಕು. ಎಡ, ಬಲ ಅಂಚಿನಲ್ಲಿ ಐದೈದು ಓರೆ ಗೆರೆ ಬೆರಳಿಗೆ ತಾಗಬೇಕು. ಬೆಳಕಿಗೆ ಹಿಡಿದರೆ ಗಾಂಧೀಜಿ ಚಿತ್ರ ಮತ್ತು 500 ಅನ್ನುವ ಅಂಕಿ ಬಿಳಿ ಜಾಗದಲ್ಲಿ ಮೂಡಬೇಕು. ಬಂಡಲ್‌ನಲ್ಲಿ ಮೇಲಿನ ನಾಲ್ಕು ನೋಟು ಯಾವತ್ತೂ ಚೆನ್ನಾಗಿಯೇ ಇರುತ್ತವೆ. ನಡುವಿನಿಂದ ಎಳೆದು ನೋಡಬೇಕು.

ಖೋಟಾ ನೋಟು ಬಂದರೆ ನಷ್ಟ ದುಡ್ಡಿಗೆ ಮಾತ್ರ ನಿಲ್ಲುವುದಿಲ್ಲ. ನೀವು ಅದನ್ನು ಬ್ಯಾಂಕಿಗೆ ಕಟ್ಟಲು ಹೋದಾಗ ಕೌಂಟರ್‌ನಲ್ಲಿ ಸಿಕ್ಕಿಬೀಳುತ್ತದೆ. ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಒಂದೇ ಸಲಕ್ಕೆ ಐದು ಅಥವಾ ಜಾಸ್ತಿ ಖೋಟಾ ನೋಟು ಸಿಕ್ಕರೆ ಬ್ಯಾಂಕಿನವರು ಪೊಲೀಸರಿಗೆ ದೂರು ಕೊಟ್ಟು ಎಫ್‌ಐಆರ್ ಮಾಡಿಸಲೇಬೇಕು. ಆಗ ಠಾಣೆಯಲ್ಲಿ ಕೂತಿರುವವರು ನೀವು. "ಟೆಲಿಗ್ರಾಂನಲ್ಲಿ ಸಿಕ್ಕ ಒಬ್ಬರು ಲಾಡ್ಜ್‌ನಲ್ಲಿ ಕೊಟ್ಟರು ಸಾರ್" ಅಂತ ಹೇಳಿ ನೋಡಿ, ಹೇಗೆ ಕೇಳಿಸುತ್ತದೆ ಅಂತ.

ಹಾಗಾದರೆ 3,000 ಯುಎಸ್‌ಡಿಟಿ ಏನು ಮಾಡಬೇಕು? ಹಣಕಾಸು ಸಚಿವಾಲಯದ ಫೈನಾನ್ಷಿಯಲ್ ಇಂಟೆಲಿಜೆನ್ಸ್ ಯೂನಿಟ್‌ನಲ್ಲಿ ನೋಂದಣಿಯಾದ ಎಕ್ಸ್‌ಚೇಂಜ್‌ಗೆ ಕಳಿಸಿ, ಅಲ್ಲೇ ಮಾರಿ. 2023ರ ಮಾರ್ಚ್‌ನಿಂದ ಎಕ್ಸ್‌ಚೇಂಜ್‌ಗಳು ಅಕ್ರಮ ಹಣ ತಡೆ ಕಾಯ್ದೆಯ ಅಡಿ ಬರುತ್ತವೆ. ಅಲ್ಲಿರುವ ಪಿ2ಪಿ (ಇನ್ನೊಬ್ಬ ಬಳಕೆದಾರರಿಗೆ ಮಾರುವುದು) ಬೇಡ, ನೇರವಾಗಿ ಎಕ್ಸ್‌ಚೇಂಜ್‌ಗೇ ಮಾರಿ, ಅವರ ಖಾತೆಯಿಂದಲೇ ನಿಮ್ಮ ಖಾತೆಗೆ ದುಡ್ಡು ಬರಲಿ. 1% ಟಿಡಿಎಸ್ ಹಿಡಿಯುತ್ತಾರೆ. ಅದು ಕಳೆದುಹೋಗುವ ದುಡ್ಡಲ್ಲ, ರಿಟರ್ನ್ಸ್ ಹಾಕುವಾಗ ಲೆಕ್ಕಕ್ಕೆ ಬರುತ್ತದೆ. ಲಾಭಕ್ಕೆ 30% ತೆರಿಗೆ, ಮೇಲೆ ಸೆಸ್. ಕೈಯಿಂದ ಕೈಗೆ ಮಾರಿದರೂ ಇದೇ ತೆರಿಗೆ, ತಪ್ಪುವುದಿಲ್ಲ. ಜೊತೆಗೆ ನಿಮಗೆ ಇದು ಸಂಬಳವಾಗಿ ಬಂದದ್ದು, ಹಾಗಾಗಿ ಬಂದ ದಿನದ ಬೆಲೆಯೇ ಒಂದು ಆದಾಯ. ಒಬ್ಬ ಆಡಿಟರ್ ಹತ್ತಿರ ಒಂದು ಸಲ ಕೂತು ಮಾತಾಡಿ. ಸಾಧ್ಯವಾದರೆ ಮುಂದಿನ ತಿಂಗಳಿಂದ ಗ್ರಾಹಕರಿಗೆ ಬ್ಯಾಂಕಿಗೇ ಹಾಕಲು ಹೇಳಿ, ಈ ತಲೆನೋವೇ ಇರುವುದಿಲ್ಲ.

ಎಕ್ಸ್‌ಚೇಂಜ್ ಅಂದರೆ ಅಲ್ಲೂ ಭಯ ಇದೆ ಅನ್ನುತ್ತೀರಿ. ಇದೆ. 2024ರ ಜುಲೈನಲ್ಲಿ ವಜೀರ್‌ಎಕ್ಸ್‌ನಿಂದ 23 ಕೋಟಿ ಡಾಲರ್‌ನಷ್ಟು ಕಾಯಿನ್ ಕದ್ದು ಹೋಯಿತು. ಅಲ್ಲಿ ಕಾಯಿನ್ ಇಟ್ಟವರು ತಿಂಗಳುಗಟ್ಟಲೆ ಬಾಯಿ ಬಾಯಿ ಬಿಟ್ಟರು. ಆದರೆ ನೀವು ಅಲ್ಲಿ ಇಡುತ್ತಿಲ್ಲ ಅಲ್ವಾ, ಮಾರಿ ಅವತ್ತೇ ದುಡ್ಡು ಬ್ಯಾಂಕಿಗೆ ತರುತ್ತೀರಿ. ಬಸ್ ಸ್ಟ್ಯಾಂಡಿನಲ್ಲಿ ಬಸ್ ಹತ್ತಲು ನಿಲ್ಲುವುದೇ ಬೇರೆ, ಅಲ್ಲೇ ಮಲಗುವುದೇ ಬೇರೆ.

ಇಷ್ಟೆಲ್ಲ ಹೇಳಿದ ಮೇಲೂ ಎದುರಾಬದುರು ಕೊಡುಕೊಳ್ಳುವವರು ಇದ್ದೇ ಇದ್ದಾರೆ. ಫಿನ್‌ಲೆಂಡ್‌ನ ಲೋಕಲ್‌ಬಿಟ್‌ಕಾಯಿನ್ಸ್ ಅನ್ನುವ ತಾಣ 2012ರಲ್ಲಿ ಶುರುವಾದಾಗ ಜಗತ್ತಿನ ಎಷ್ಟೋ ಊರುಗಳಲ್ಲಿ ಜನ ಕಾಫಿ ಅಂಗಡಿಯಲ್ಲಿ ಕೂತು ಹೀಗೆ ವ್ಯವಹಾರ ಮಾಡುತ್ತಿದ್ದರು. 2019ರ ಜೂನ್‌ನಲ್ಲಿ ಆ ತಾಣವೇ ಮುಖಾಮುಖಿ ನಗದು ವ್ಯವಹಾರವನ್ನು ತೆಗೆದುಹಾಕಿತು, 2023ರಲ್ಲಿ ಬಾಗಿಲನ್ನೇ ಮುಚ್ಚಿತು. ನಮ್ಮಲ್ಲಿ ಕ್ರಿಪ್ಟೋ ನಿಷೇಧ ಇಲ್ಲ. ಕ್ರಿಪ್ಟೋ ವ್ಯವಹಾರಕ್ಕೆ ಬ್ಯಾಂಕುಗಳು ಸೇವೆ ಕೊಡಬಾರದು ಅನ್ನುವ ರಿಸರ್ವ್ ಬ್ಯಾಂಕಿನ 2018ರ ಸುತ್ತೋಲೆಯನ್ನು ಸುಪ್ರೀಂ ಕೋರ್ಟ್ 2020ರ ಮಾರ್ಚ್‌ನಲ್ಲಿ ರದ್ದು ಮಾಡಿತು. ಹಾಗಾಗಿ ಚಿಕ್ಕ ಮೊತ್ತಕ್ಕೆ, ಹೋದರೂ ಪರವಾಗಿಲ್ಲ ಅನ್ನುವಷ್ಟಕ್ಕೆ ನೀವು ಹೋಗುವುದೇ ಆದರೆ, ಹೋಗುವ ರೀತಿ ಹೇಳುತ್ತೇನೆ.

ಜಾಗ ನೀವು ಹೇಳಬೇಕು. ಹಗಲು ಹೊತ್ತು, ಬ್ಯಾಂಕಿನ ಒಳಗೆ ಅಥವಾ ಕ್ಯಾಮೆರಾ ಇರುವ ಜನ ತುಂಬಿದ ಹೋಟೆಲ್. ಲಾಡ್ಜ್, ನಿಲ್ಲಿಸಿದ ಕಾರು, ಬೇಸ್‌ಮೆಂಟ್ ಪಾರ್ಕಿಂಗ್ ಮೂರೂ ಬೇಡ. ಕೊನೇ ಗಳಿಗೆಯಲ್ಲಿ ಜಾಗ ಬದಲಾಯಿಸಿದರೆ ವಾಪಸ್ ಬನ್ನಿ, ಬಸ್ ಚಾರ್ಜ್ ಹೋಯಿತು ಅಂತ ಬೇಜಾರು ಬೇಡ. ಜೊತೆಗೆ ಒಬ್ಬರು ಬರಲಿ, ಆದರೆ ಪಕ್ಕದ ಟೇಬಲ್‌ನಲ್ಲಿ ಕೂರಲಿ. ಮನೆಯವರಿಗೆ ಲೈವ್ ಲೊಕೇಶನ್ ಕಳಿಸಿ. ಮುಗಿದ ಮೇಲೆ ನೇರವಾಗಿ ಮನೆಗೋ ರೂಮಿಗೋ ಹೋಗಬೇಡಿ.

ಫೋನ್ ವಿಷಯಕ್ಕೆ ಬರೋಣ. ಜನ ಮೋಸ ಹೋಗುವುದು ಹೆಚ್ಚಾಗಿ ಇಲ್ಲೇ. ನಿಮ್ಮ ದಿನನಿತ್ಯದ ವಾಲೆಟ್ (ಕಾಯಿನ್ ಇಡುವ ಆ್ಯಪ್) ಇರುವ ಫೋನ್ ತಗೊಂಡು ಹೋಗಬೇಡಿ. ಹಳೇ ಫೋನ್ ಒಂದರಲ್ಲಿ ಹೊಸ ವಾಲೆಟ್ ಮಾಡಿ, ಅವತ್ತು ಮಾರುವಷ್ಟನ್ನು ಮಾತ್ರ ಅದಕ್ಕೆ ಹಾಕಿ. ವಾಲೆಟ್ ವಿಳಾಸ ಗೊತ್ತಾದರೆ ಅದರಲ್ಲಿ ಎಷ್ಟಿದೆ, ಹಿಂದೆ ಎಷ್ಟು ಬಂತು ಹೋಯಿತು ಅಂತ ಯಾರು ಬೇಕಾದರೂ ನೋಡಬಹುದು. ಹಳೇ ವಾಲೆಟ್‌ನಿಂದಲೇ ಹೊಸದಕ್ಕೆ ಹಾಕಿದರೆ ಆ ಜಾಡೂ ಕಾಣುತ್ತದೆ, ಹಾಗಾಗಿ ಸಾಧ್ಯವಾದರೆ ಗ್ರಾಹಕರಿಂದ ನೇರ ಹೊಸದಕ್ಕೇ ಹಾಕಿಸಿಕೊಳ್ಳಿ. ನಿಮ್ಮ ಯುಎಸ್‌ಡಿಟಿ ಟ್ರಾನ್ ಅನ್ನುವ ನೆಟ್‌ವರ್ಕ್‌ನಲ್ಲಿ ಇದ್ದರೆ ಶುಲ್ಕಕ್ಕೆ ಅದರದೇ ಕಾಯಿನ್ ಆದ ಟಿಆರ್‌ಎಕ್ಸ್ ಸ್ವಲ್ಪ ಇರಲಿ. ಇಲ್ಲದಿದ್ದರೆ ಯುಎಸ್‌ಡಿಟಿ ಇದ್ದೂ ಕಳಿಸಲು ಆಗದೆ ಪೇಚಾಡುತ್ತೀರಿ. ಆಗ ಎದುರಿಗಿರುವವರು "ಕೊಡಿ, ನಾನು ಮಾಡಿಕೊಡುತ್ತೇನೆ" ಅಂತ ಕೈ ಚಾಚುತ್ತಾರೆ. ಫೋನ್ ಕೈಯಿಂದ ಕೈಗೆ ಹೋಗಬಾರದು, ಒಂದು ನಿಮಿಷಕ್ಕೂ.

ಈಗ ಚಾಲ್ತಿಯಲ್ಲಿರುವ ಒಂದು ಆಟ ಹೀಗಿದೆ. ನೀವು ಕೂತ ತಕ್ಷಣ ಅವರು ನಗುತ್ತಾ ಹೇಳುತ್ತಾರೆ: "ಸಾರ್, ಮಾರ್ಕೆಟ್‌ನಲ್ಲಿ ಫೇಕ್ ಯುಎಸ್‌ಡಿಟಿ ಜಾಸ್ತಿ ಆಗಿದೆ. ನಿಮ್ಮದು ಅಸಲಿನಾ ಅಂತ ಚೆಕ್ ಮಾಡಬೇಕು. ಈ ಕ್ಯೂಆರ್ ಸ್ಕ್ಯಾನ್ ಮಾಡಿ, 1 ಯುಎಸ್‌ಡಿಟಿ ಕಳಿಸಿ ಸಾಕು." ನ್ಯಾಯವಾಗೇ ಇದೆಯಲ್ಲ ಅನ್ನಿಸುತ್ತದೆ. ಸ್ಕ್ಯಾನ್ ಮಾಡುತ್ತೀರಿ. ವಾಲೆಟ್ ಒಳಗೇ ಒಂದು ಪುಟ ತೆರೆಯುತ್ತದೆ. ನೋಡಲು ಥೇಟ್ ಹಣ ಕಳಿಸುವ ಪುಟದ ಹಾಗೇ ಇರುತ್ತದೆ, ಮೊತ್ತದ ಜಾಗದಲ್ಲಿ 1 ಅಂತ ಇರುತ್ತದೆ, ಕೆಳಗೆ "ನೆಕ್ಸ್ಟ್" ಬಟನ್. ಒತ್ತಿ ಪಾಸ್‌ವರ್ಡ್ ಕೊಡುತ್ತೀರಿ. ನೀವು 1 ಯುಎಸ್‌ಡಿಟಿ ಕಳಿಸಿದ್ದೇನೆ ಅಂದುಕೊಂಡಿದ್ದೀರಿ. ನಿಜವಾಗಿ ಸಹಿ ಹಾಕಿದ್ದು "ನನ್ನ ವಾಲೆಟ್‌ನಲ್ಲಿರುವ ಯುಎಸ್‌ಡಿಟಿ ಎಷ್ಟು ಬೇಕಾದರೂ ನೀವೇ ತೆಗೆದುಕೊಳ್ಳಬಹುದು" ಅನ್ನುವ ಅಪ್ರೂವಲ್‌ಗೆ. ಅವರು ತಕ್ಷಣ ತೆಗೆಯುವುದಿಲ್ಲ. "ಕ್ಯಾಶ್ ತರುವವನು ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡಿದ್ದಾನೆ, ನಾಳೆ ಮಾಡೋಣ" ಅಂತ ಕಾಫಿ ಕುಡಿಸಿ ಕಳಿಸುತ್ತಾರೆ. ರಾತ್ರಿ ನೋಡಿದರೆ ವಾಲೆಟ್ ಖಾಲಿ. ಸೀಡ್ ಫ್ರೇಸ್ (ವಾಲೆಟ್ ತೆರೆಯುವ ಗುಟ್ಟಿನ ಪದಗಳು) ಯಾರಿಗೂ ಕೊಟ್ಟಿಲ್ಲ, ಫೋನ್ ಯಾರೂ ಮುಟ್ಟಿಲ್ಲ, ಹೇಗೆ ಹೋಯಿತು ಅಂತ ತಲೆ ಕೆರೆದುಕೊಳ್ಳುತ್ತೀರಿ.

ಗುರುತು ಹಿಡಿಯುವುದು ಸುಲಭ. ನಿಮ್ಮ ಯುಎಸ್‌ಡಿಟಿ ಅಸಲಿಯಾ ಅಂತ ನೋಡಲು ಅವರಿಗೆ ನಿಮ್ಮ ವಾಲೆಟ್ ವಿಳಾಸ ಸಾಕು. ಟ್ರಾನ್‌ನ ವ್ಯವಹಾರಗಳನ್ನು ತೋರಿಸುವ ಟ್ರಾನ್‌ಸ್ಕ್ಯಾನ್ ತಾಣದಲ್ಲಿ ಹಾಕಿದರೆ ಎಲ್ಲ ಕಾಣುತ್ತದೆ, ನೀವು ಏನೂ ಒತ್ತಬೇಕಾಗಿಲ್ಲ. ಹಣ ಕಳಿಸುವಾಗಲೂ ಮೊದಲು ನಿಮ್ಮ ವಾಲೆಟ್‌ನ "ಸೆಂಡ್" ಒತ್ತಿ, ಅಲ್ಲಿಂದ ಅವರ ಕ್ಯೂಆರ್ ಸ್ಕ್ಯಾನ್ ಮಾಡಿ. ವಿಳಾಸದ ಖಾನೆ ತುಂಬಬೇಕು, ಅಷ್ಟೇ. ಬೇರೆ ಯಾವುದಾದರೂ ಪುಟ ತೆರೆದರೆ, ಕನೆಕ್ಟ್, ಅಪ್ರೂವ್, ಪರ್ಮಿಷನ್ ಅನ್ನುವ ಪದ ಕಂಡರೆ, ಫೋನ್ ಜೇಬಿಗೆ ಹಾಕಿ ಎದ್ದು ಬನ್ನಿ. ಬಿಲ್ ಅವರೇ ಕೊಡಲಿ.

ಎಲ್ಲ ಸರಿ ಇದ್ದರೆ ಕಂತಿನಲ್ಲಿ ಮಾಡಿ. ಮೊದಲು 20 ಯುಎಸ್‌ಡಿಟಿ ಕಳಿಸಿ, ಅದರ ದುಡ್ಡು ತಗೊಳ್ಳಿ. ಆಮೇಲೆ ಒಂದು ಬಂಡಲ್ ಎಣಿಸಿ ನೋಡಿ ಚೀಲಕ್ಕೆ ಹಾಕಿ, ಅಷ್ಟರ ಕಾಯಿನ್ ಕಳಿಸಿ. ಒಟ್ಟು 2 ಲಕ್ಷದ ಒಳಗೇ ಇರಲಿ. ಬ್ಯಾಂಕ್ ಮೂಲಕ ಆದರೆ ಐಡಿಯಲ್ಲಿರುವ ಹೆಸರೇ ಕಳಿಸಿದ ಖಾತೆಯಲ್ಲೂ ಇರಬೇಕು. ಅಣ್ಣ, ಭಾವ, ಕಂಪನಿ, ಯಾರೂ ಬೇಡ. ದುಡ್ಡು ಬಂತಾ ಅಂತ ನಿಮ್ಮ ಬ್ಯಾಂಕ್ ಆ್ಯಪ್ ತೆರೆದು ನೋಡಿ. ಎಸ್‌ಎಂಎಸ್‌ ಅನ್ನೂ ನಂಬಬೇಡಿ, ಅವರು ತೋರಿಸುವ ಸ್ಕ್ರೀನ್‌ಶಾಟ್ ಅನ್ನೂ ನಂಬಬೇಡಿ. ಐಡಿ ಫೋಟೊ, ಚಾಟ್, ಟ್ರಾನ್ಸಾಕ್ಷನ್ ಹ್ಯಾಶ್ (ಆ ವ್ಯವಹಾರದ ಗುರುತಿನ ಸಂಖ್ಯೆ) ಎಲ್ಲ ಇಟ್ಟುಕೊಳ್ಳಿ. ಟೆಲಿಗ್ರಾಂನಲ್ಲಿ ಅವರು ಚಾಟ್ ಅಳಿಸಿದರೆ ನಿಮ್ಮ ಕಡೆಯೂ ಅಳಿಸಿ ಹೋಗಬಹುದು. ಹಾಗಾಗಿ ಸ್ಕ್ರೀನ್‌ಶಾಟ್ ಮೊದಲೇ ತೆಗೆದಿಡಿ.

ಕೊಳ್ಳುವವರಿಗೂ ಒಂದು ಮಾತು. ಯುಎಸ್‌ಡಿಟಿ ಅನ್ನುವ ಹೆಸರು, ಅದೇ ಲೋಗೊ ಇಟ್ಟುಕೊಂಡು ಯಾರು ಬೇಕಾದರೂ ಟೋಕನ್ ಮಾಡಬಹುದು. ವಾಲೆಟ್‌ನಲ್ಲಿ 1,000 ಅಂತ ಕಂಡರೂ ಬೆಲೆ ಸೊನ್ನೆ. ಟೋಕನ್‌ನ ಕಾಂಟ್ರಾಕ್ಟ್ ವಿಳಾಸವನ್ನು (ನೆಟ್‌ವರ್ಕ್‌ನಲ್ಲಿ ಆ ಟೋಕನ್‌ನ ಗುರುತು) ಯುಎಸ್‌ಡಿಟಿ ಹೊರತರುವ ಟೆದರ್ ಕಂಪನಿಯ ತಾಣದಲ್ಲಿ ಇರುವುದಕ್ಕೆ ತಾಳೆ ನೋಡಬೇಕು. ಬಿಟ್‌ಕಾಯಿನ್ ಆದರೆ "ಬಂತು" ಅಂತ ಕಂಡ ತಕ್ಷಣ ದುಡ್ಡು ಕೊಡಬೇಡಿ. ದೃಢವಾಗದ ವ್ಯವಹಾರವನ್ನು ಕಳಿಸಿದವರು ಜಾಸ್ತಿ ಶುಲ್ಕ ಕಟ್ಟಿ ಬೇರೆ ಕಡೆ ತಿರುಗಿಸಬಹುದು. ವ್ಯವಹಾರಗಳು ಬ್ಲಾಕ್ ಅನ್ನುವ ಕಂತೆಗಳಲ್ಲಿ ದೃಢವಾಗುತ್ತವೆ, ಒಂದು ಬ್ಲಾಕ್‌ಗೆ ಸರಾಸರಿ 10 ನಿಮಿಷ. ದೊಡ್ಡ ಮೊತ್ತಕ್ಕೆ ಆರು ಬ್ಲಾಕ್ ಕಾಯುವುದು ಹಳೇ ರೂಢಿ. ಇನ್ನೊಂದು ಕಾಫಿ ಹೇಳಿ, ಅಷ್ಟೇ. ಟ್ರಾನ್‌ನಲ್ಲಿ ಒಂದು ನಿಮಿಷದೊಳಗೆ ಮುಗಿಯುತ್ತದೆ.

ಯಾರಾದರೂ ಚಾಕು ತೋರಿಸಿದರೆ ಕೊಟ್ಟುಬಿಡಿ. ಅದಕ್ಕೇ ಹೊಸ ವಾಲೆಟ್‌ನಲ್ಲಿ ಅವತ್ತಿನಷ್ಟು ಮಾತ್ರ ಇರಲಿ ಅಂದದ್ದು. ನಿಮ್ಮ ಹತ್ತಿರ ಎಷ್ಟು ಕಾಯಿನ್ ಇದೆ ಅನ್ನುವುದು ಸ್ನೇಹಿತರಿಗೂ ಗೊತ್ತಾಗುವುದು ಬೇಡ. 2025ರ ಜನವರಿಯಲ್ಲಿ ಫ್ರಾನ್ಸ್‌ನಲ್ಲಿ ಲೆಡ್ಜರ್ ಕಂಪನಿಯ ಸಹಸ್ಥಾಪಕರೊಬ್ಬರನ್ನು ಮನೆಯಿಂದಲೇ ಹೊತ್ತೊಯ್ದು, ಬೆರಳು ಕತ್ತರಿಸಿ, ಕ್ರಿಪ್ಟೋ ಕೇಳಿದ್ದರು. ಕಾಯಿನ್ ಕಾಪಾಡುವ ಯಂತ್ರ ಮಾಡುವ ಕಂಪನಿ ಅದು! ಪೊಲೀಸರು ಬಿಡಿಸಿಕೊಂಡು ಬಂದರು, ಆದರೆ ಬೆರಳು ಹೋಗಿತ್ತು.

ಏನಾದರೂ ತಪ್ಪಿದರೆ ನಾಚಿಕೆ ಅಂತ ಸುಮ್ನೆ ಕೂರಬೇಡಿ. ತಕ್ಷಣ 1930ಕ್ಕೆ ಫೋನ್ ಮಾಡಿ, ನಿಮ್ಮ ಜಿಲ್ಲೆಯ ಸೆನ್ (ಸೈಬರ್ ಅಪರಾಧ ನೋಡಿಕೊಳ್ಳುವ) ಠಾಣೆಗೆ ಹ್ಯಾಶ್ ಸಮೇತ ದೂರು ಕೊಡಿ. ಕಳಿಸಿದ ಯುಎಸ್‌ಡಿಟಿ ವಾಪಸ್ ಬರುವುದಿಲ್ಲ ಅಂದೆ ನಿಜ, ಆದರೆ ಪೊಲೀಸರು ಕೇಳಿದರೆ ಟೆದರ್ ಕಂಪನಿ ಕಳ್ಳರ ವಿಳಾಸವನ್ನು ಫ್ರೀಜ್ ಮಾಡಬಲ್ಲದು. ಕಾಯಿನ್ ಅಲ್ಲಿಂದ ಮುಂದಕ್ಕೆ ಹೋಗುವ ಮೊದಲು ದೂರು ತಲುಪಿರಬೇಕು ಅಷ್ಟೆ.

ಆ ಟೆಲಿಗ್ರಾಂ ಪರಿಚಯದವರಿಗೆ ಏನು ಹೇಳಬೇಕು ಅಂತ ಯೋಚಿಸುತ್ತಿರಬಹುದು. ಇಷ್ಟು ಬರೆದು ಕಳಿಸಿ: "ಹಾಸನದಲ್ಲೇ, ನನ್ನ ಬ್ಯಾಂಕಿನ ಒಳಗೆ ಸಿಗೋಣ. ಆಧಾರ್, ಪ್ಯಾನ್ ತನ್ನಿ. ನಿಮ್ಮದೇ ಖಾತೆಯಿಂದ ಹಾಕಿ, 1% ಟಿಡಿಎಸ್ ಕಟ್ಟಿ ರಸೀದಿ ಕೊಡಿ. 5 ರೂಪಾಯಿ ಜಾಸ್ತಿ ಬೇಡ, ಎಕ್ಸ್‌ಚೇಂಜ್ ದರವೇ ಸಾಕು." ಅವರಿಗೆ ಇದು ಲಾಭದ ವ್ಯವಹಾರ, 15,000 ಉಳಿಯುತ್ತದೆ. ಏನು ಉತ್ತರ ಬರುತ್ತದೆ ಅಂತ ನನಗೂ ತಿಳಿಸಿ.